ಬೀಜದ ನವಿಲು

15 ಜೂನ್ 1981

ಕೊನೆಗೂ ಬಂದು ಬಿದ್ದೆ. ಚನ್ನಗಿರಿಯಲ್ಲಿ ಆರು ವರ್ಷ ಹೊಲಿಗೆ, ಕಸೂತಿ, ಕಾಗದದ ಹೂವು ಕಲಿಸಿ ಹೆಸರು ಮಾಡಿದ ಕ್ರಾಫ್ಟ್ ಟೀಚರಿಗೆ ಸಿಕ್ಕ ಬಹುಮಾನ ಈ ಸಾಸ್ವೆಹಳ್ಳಿ. ಸರ್ಕಾರವನ್ನು ಬೈದು ಪ್ರಯೋಜನವಿಲ್ಲ, ಇದು ನಮ್ಮ ಯಜಮಾನರ ಕೈವಾಡ. ಅವರಿಗೆ ದಾವಣಗೆರೆಗೆ ವರ್ಗವಾಯಿತು. ದಾವಣಗೆರೆ ಚಿತ್ರದುರ್ಗ ಜಿಲ್ಲೆ, ನನ್ನ ನೌಕರಿ ಶಿವಮೊಗ್ಗ ಜಿಲ್ಲೆಯದು. ನಮ್ಮ ಇಲಾಖೆಯಲ್ಲಿ ಜಿಲ್ಲೆ ದಾಟುವುದೂ ಒಂದೇ, ಸಮುದ್ರ ದಾಟುವುದೂ ಒಂದೇ. "ನಿನಗೆ ದಾವಣಗೆರೆ ಸಿಗಾ ತನಕ ನಮ್ಮವ್ವನ ಜತಿಗೆ ಇರು, ಅವ್ವಂಗೂ ವಯಸ್ಸಾತು" ಎಂದು ಅರ್ಜಿಯನ್ನು ತಾವೇ ಬರೆದು, ಸಹಿಗೆ ಮಾತ್ರ ನನ್ನ ಮುಂದೆ ಹಿಡಿದರು. ಹನ್ನೊಂದು ವರ್ಷ ಸಂಸಾರ ಮಾಡಿದ ಮೇಲೂ ಗಂಡ ಬರೆದದ್ದನ್ನು ಓದದೆ ಸಹಿ ಹಾಕಿದೆನಲ್ಲ, ನನಗೆ ಇದು ಆಗಬೇಕಾದ್ದೇ. ಮಕ್ಕಳಿಲ್ಲದವಳು, ಎಲ್ಲಿಗೆ ಎಸೆದರೂ ನಡೆಯುತ್ತದೆ ಎಂದು ಎಲ್ಲರ ಲೆಕ್ಕ.

ಮನೆ ಎಂದರೆ ಎರಡು ಅಂಕಣ. ಹಿತ್ತಿಲು ಮಾತ್ರ ಮನೆಯ ಮೂರರಷ್ಟು. ಅದರ ತುಂಬ ಸೊಪ್ಪು. ಒಂದು ಗುಲಾಬಿ ಗಿಡವಿಲ್ಲ, ಒಂದು ಕನಕಾಂಬರವಿಲ್ಲ. ಕೆಂಪು ದಂಟು, ಹಸಿರು ದಂಟು, ರಾಜಗಿರಿ, ಪುಂಡಿ, ಸಬ್ಬಸಿಗೆ, ಮೆಂತ್ಯ, ಗೋಡೆಯ ಮೇಲೆ ಬಸಳೆ, ಬಚ್ಚಲ ನೀರು ಹರಿಯುವ ಕಡೆ ಹೊನಗೊನೆ. ಕೊಟ್ಟಿಗೆಗೆ ತಂದು ಕಟ್ಟಿದ ಹಾಗಾಯಿತು ನನ್ನ ಸ್ಥಿತಿ.

ಅತ್ತೆ ಅಂಜಿನಮ್ಮ ಬಾಗಿಲಲ್ಲೇ ನಿಂತಿದ್ದಳು. "ಬಾರವ್ವ ಗಟ್ಟವ್ವ" ಎಂದಳು. ನನ್ನ ಹೆಸರು ಅಂತರಘಟ್ಟಮ್ಮ. ಹಾಜರಿ ಪುಸ್ತಕದಲ್ಲಿ ಅದು ಹಿಡಿಸುವುದಿಲ್ಲ, ಮುದುಕಿಯ ಬಾಯಲ್ಲೂ ಹಿಡಿಸುವುದಿಲ್ಲ. ಕೈಯಲ್ಲಿ ಮಣ್ಣು, ಸೀರೆಯ ಅಂಚಿಗೆ ಮಣ್ಣು. ಅದೇ ಕೈಯಿಂದ ನೀರು ಕೊಟ್ಟಳು. ಬಾಯಾರಿತ್ತು, ಕುಡಿದೆ.

2 ಜುಲೈ 1981

ಇವತ್ತು ಮಾನ ಹೋಯಿತು.

ಏಳನೇ ತರಗತಿಯ ಹುಡುಗಿಯರಿಗೆ ಸರಪಳಿ ಹೊಲಿಗೆ ತೋರಿಸುತ್ತಿದ್ದೆ. ಗೇಟಿನ ಹತ್ತಿರ "ಸೊಪ್ಪವ್ವೋ ಸೊಪ್ಪು, ದಂಟಿನ ಸೊಪ್ಪು" ಎಂದು ಕೂಗು. ತಲೆಯ ಮೇಲೆ ಪುಟ್ಟಿ ಹೊತ್ತು ನಮ್ಮ ಅತ್ತೆ. ಹೆಡ್‌ಮಾಸ್ಟರ್ ಹಾಲಸ್ವಾಮಿಯವರು ಕಿಟಕಿಯಿಂದ ಇಣುಕಿ ಎಲ್ಲರಿಗೂ ಕೇಳುವಂತೆ, "ನಿಮ್ಮತ್ತೆ ಅಲ್ಲೇನ್ರೀ ಟೀಚರಮ್ಮ? ಅವರ ಕೆಂಪು ದಂಟು ಅಂದ್ರೆ ನಮ್ಮ ಮನ್ಯಾಗೆ ಪ್ರಾಣ ಬಿಡ್ತಾರೆ" ಎಂದರು. ಹುಡುಗಿಯರು ಕಿಸಕ್ಕೆಂದರು. ನಾನು ಸೂಜಿಯನ್ನು ನನ್ನ ಬೆರಳಿಗೇ ಚುಚ್ಚಿಕೊಂಡೆ.

ಸಂಜೆ ಹೇಳಿದೆ, "ನಿಮ್ಮ ಮಗ ಆಫೀಸಿನಾಗವರೆ, ನಾನು ಟೀಚರ್. ಬೀದಿ ಬೀದಿ ಸೊಪ್ಪು ಮಾರಾ ಅಂಥದ್ದು ಏನೈತೆ ನಿಮಗೆ?"

"ಕುಂತ್ರೆ ಕಾಲು ಹಿಡಿತೈತೆ ಕಣವ್ವ" ಎಂದಳು. ಇಷ್ಟೇ ಉತ್ತರ.

ಸೊಪ್ಪು ಕಂಡರೆ ನನಗೆ ಆಗುವುದಿಲ್ಲ, ಅದಕ್ಕೆ ಕಾರಣವಿದೆ. ಜಗಳೂರಿನ ಕಡೆ ನಮ್ಮವ್ವ ಮತ್ತು ನಾನು ಬೇರೆಯವರ ಜೋಳದ ಹೊಲದಲ್ಲಿ ಅಣ್ಣೆ ಸೊಪ್ಪು ಆರಿಸಿ ತರುತ್ತಿದ್ದೆವು. ಬಿತ್ತದೆ ಬೆಳೆಯುವ ಕಳೆ ಅದು. ಒಂದು ದಿನ ಹೊಲದ ಯಜಮಾನ ಬಂದು ನಮ್ಮವ್ವನ ಮಡಿಲು ಬಿಚ್ಚಿಸಿ ಅಷ್ಟನ್ನೂ ನೆಲಕ್ಕೆ ಸುರಿಸಿದ. ಎತ್ತುಗಳಿಗೆ ಹಾಕಿದ್ದರೂ ಬೇಜಾರಿರಲಿಲ್ಲ, ಕಾಲಿನಿಂದ ತುಳಿದ. ಅವತ್ತು ರಾತ್ರಿ ಬರೀ ಉಪ್ಪು ನೀರಿನಲ್ಲಿ ಮುದ್ದೆ ಉಂಡೆವು. ಓದಿ ನೌಕರಿ ಹಿಡಿದರೆ ಅನ್ನ, ಬೇಳೆ, ಆಲೂಗೆಡ್ಡೆ ತಿನ್ನುತ್ತೇನೆ, ಸೊಪ್ಪು ಮುಟ್ಟುವುದಿಲ್ಲ ಎಂದುಕೊಂಡವಳು ನಾನು. ಚನ್ನಗಿರಿಯಲ್ಲಿ ಹಾಗೆಯೇ ಬದುಕಿದೆ. ಈಗ ಸಂಬಳ ತರುವವಳ ತಟ್ಟೆಗೂ ಅದೇ ಬಂದು ಬೀಳುತ್ತಿದೆ.

19 ಆಗಸ್ಟ್ 1981

ಸೋಮವಾರ ಪುಂಡಿ. ನಿನ್ನೆ ಮಸೊಪ್ಪು. ಇವತ್ತು ಬಸ್ಸಾರು. ನಾಳೆ ಏನು ಎಂದು ಕೇಳುವ ಧೈರ್ಯವಿಲ್ಲ.

11 ಅಕ್ಟೋಬರ್ 1981

ಭಾನುವಾರ. ಯಜಮಾನರು ಬಂದು ಮೂರು ಮುದ್ದೆ ಬಾರಿಸಿ ಮಲಗಿದ್ದಾರೆ. ಮಗ ಬಂದನೆಂದರೆ ಮುದುಕಿಯ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬಸ್ಸಾರಿಗೆ ಸೊಪ್ಪು ಕೊಯ್ದು ತಾ ಎಂದು ನನ್ನನ್ನು ಹಿತ್ತಿಲಿಗೆ ಅಟ್ಟಿದಳು. ಕೊಯ್ಯುವುದೇ ಆದರೆ ಚೆನ್ನಾಗಿರುವುದನ್ನು ಕೊಯ್ಯೋಣ ಎಂದು ಕೆಂಪು ದಂಟಿನ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ, ದಪ್ಪ ಕಾಂಡದ ಗಿಡಕ್ಕೆ ಕೈ ಹಾಕಿದೆ.

"ಅಯ್ಯಯ್ಯೋ ಮುಟ್ಟಬ್ಯಾಡ! ಅದು ಬೀಜಕ್ಕೆ ಬಿಟ್ಟಿರಾದು" ಎಂದು ಕೂಗುತ್ತ ಬಂದಳು. ಮನೆಗೆ ಬೆಂಕಿ ಬಿದ್ದರೂ ಅಷ್ಟು ಕೂಗುತ್ತಿರಲಿಲ್ಲ.

ಇವರ ಪದ್ಧತಿ ಹೀಗೆ. ಚೆಂದದ ಗಿಡವನ್ನು ತಿನ್ನುವಂತಿಲ್ಲ, ಕುಂಟು ಕುರುಡನ್ನು ತಿನ್ನಬೇಕು. "ಚಲೋದನ್ನೇ ತಿಂದ್ರೆ ಬರೋ ವರ್ಷ ಕೆಟ್ಟದ್ದೇ ಹುಟ್ತೈತೆ" ಅಂತೆ. ತೆನೆ ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಬೂದಿ ಕಲಸಿ, ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಮೇಲಿನ ತೊಲೆಗೆ ನೇತು ಹಾಕುತ್ತಾಳೆ. ಹೊಗೆ ತಾಗಿದರೆ ಹುಳ ಬೀಳುವುದಿಲ್ಲವಂತೆ. ಏಳು ಗಂಟುಗಳಿವೆ. ಯಾವುದರಲ್ಲಿ ಏನಿದೆ ಎಂದು ಎಲ್ಲೂ ಬರೆದಿಲ್ಲ, ಮುದುಕಿ ಮುಟ್ಟಿ ಹೇಳುತ್ತಾಳೆ.

"ಈ ಕೆಂಪು ದಂಟು ನಮ್ಮತ್ತೆ ಕೊಟ್ಟಿದ್ದು. ಅವರಿಗೆ ಅವರತ್ತೆ. ನಮ್ಮ ತೌರು ಉಬ್ರಾಣಿ ಕಡೆ ಇದು ಇಲ್ಲ, ಬ್ಯಾರೆ ಎಲ್ಲೂ ನಾ ಕಂಡಿಲ್ಲ" ಎಂದು ಹೇಳಿ ನನ್ನ ಮುಖವನ್ನೇ ನೋಡಿದಳು. ನಾನು ಏನು ಹೇಳಬೇಕಿತ್ತೋ ಗೊತ್ತಾಗಲಿಲ್ಲ. ಬೇರೆಯವರ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬಂಗಾರದ ಅವಲಕ್ಕಿ ಸರ ಬರುತ್ತದೆ. ನಮ್ಮ ವಂಶದ ಆಸ್ತಿ ದಂಟಿನ ಬೀಜ.

8 ಡಿಸೆಂಬರ್ 1981

ಇಲಾಖೆಯಿಂದ ಸುತ್ತೋಲೆ. ಫೆಬ್ರವರಿಯಲ್ಲಿ ಹೊನ್ನಾಳಿಯಲ್ಲಿ ತಾಲ್ಲೂಕು ಮಟ್ಟದ ವಸ್ತುಪ್ರದರ್ಶನ, ಅಲ್ಲಿ ಗೆದ್ದದ್ದು ಮಾರ್ಚಿನಲ್ಲಿ ಶಿವಮೊಗ್ಗಕ್ಕೆ. "ಸ್ಥಳೀಯ ವಸ್ತುಗಳಿಂದ ತಯಾರಿಸಿದ ಕರಕುಶಲ ಕಲೆ" ಬೇಕಂತೆ. ಹಾಲಸ್ವಾಮಿಯವರು ಕನ್ನಡಕ ಒರೆಸುತ್ತ ಹೇಳಿದರು, "ಜಿಲ್ಲೇಲಿ ಬಹುಮಾನ ತಗಂಡ ಟೀಚರ್‌ಗಳಿಗೆ ಅವ್ರು ಕೇಳಿದ ಊರಿಗೆ ಸಾಹೇಬ್ರು ವರ್ಗದ ಶಿಫಾರಸು ಬರೀತಾರೆ. ಜಿಲ್ಲೆ ದಾಟಾಕೆ ಬ್ಯಾರೆ ದಾರಿ ಇಲ್ಲ ನೋಡ್ರಿ."

ಬೇರೆ ಶಾಲೆಯವರು ಏನು ಮಾಡುತ್ತಾರೆಂದು ನನಗೆ ಗೊತ್ತು. ಬೆಂಕಿ ಕಡ್ಡಿಯ ಗುಡಿ. ತೆಂಗಿನ ಚಿಪ್ಪಿನ ಆಮೆ. ಐಸ್‌ಕ್ರೀಂ ಕಡ್ಡಿಯ ಟೇಬಲ್ ಲ್ಯಾಂಪು, ಅದಕ್ಕೊಂದು ಬಲ್ಬು, ಆ ಬಲ್ಬು ಉದ್ಘಾಟನೆಯ ಹೊತ್ತಿಗೆ ಹತ್ತುವುದಿಲ್ಲ. ಇವರ ನಡುವೆ ಗೆಲ್ಲುವುದು ಕಷ್ಟವೇನಲ್ಲ.

ನಾನು ನಾಲ್ಕು ಅಡಿ ಹಾರ್ಡ್‌ಬೋರ್ಡಿನ ಮೇಲೆ ನವಿಲು ಮಾಡುತ್ತೇನೆ. ಬಣ್ಣವಿಲ್ಲ, ಕಾಗದವಿಲ್ಲ, ಬರೀ ಬೀಜ. ಬೀಜ ಒಲೆಯ ಮೇಲೆ ನೇತಾಡುತ್ತಿದೆ. ಆ ಸೊಪ್ಪಿನಿಂದ ನನಗೆ ಮೊದಲನೇ ಸಲ ಒಂದು ಉಪಕಾರವಾಗಲಿದೆ.

14 ಜನವರಿ 1982

ಸಂಕ್ರಾಂತಿ. ಮುದುಕಿ ಒಳ್ಳೆಯ ಲಹರಿಯಲ್ಲಿದ್ದಾಳೆ ಎಂದು ಇವತ್ತೇ ಕೇಳಿದೆ. "ಅತ್ತೆ, ನಿಮ್ಮ ಸೊಪ್ಪಿನ ಬೀಜ ಬೇಕಿತ್ತು, ಕೊಡ್ರಿ."

ಕೈಯಲ್ಲಿದ್ದ ಎಳ್ಳಿನ ತಟ್ಟೆ ಕೆಳಗಿಟ್ಟಳು. ಎದ್ದು ಕೈಕಾಲು ತೊಳೆದು ಬಂದು ದೀಪ ಹಚ್ಚಿದಳು. ಎರಡು ಹಿಡಿ ಬೀಜಕ್ಕೆ ಇಷ್ಟೊಂದು ನಾಟಕ! "ಸೆರಗು ಒಡ್ಡವ್ವ" ಎಂದಳು. ಒಡ್ಡಿದೆ, ನಮ್ಮ ಕೆಲಸ ಆಗಬೇಕಲ್ಲ. ಸ್ಟೂಲು ಹತ್ತಿ ತೊಲೆಯಿಂದ ಏಳೂ ಗಂಟು ಬಿಚ್ಚಿ ಒಂದೊಂದಾಗಿ ನನ್ನ ಸೆರಗಿಗೆ ಇಟ್ಟಳು.

"ಎಲ್ಲಾ ಬ್ಯಾಡ್ರಿ, ಅರ್ಧ ಸಾಕು."

"ಅರ್ಧ ಕೊಡಬಾರದು ಕಣವ್ವ" ಎಂದು ಗಂಟುಗಳನ್ನು ನನ್ನ ಎದೆಗೆ ಒತ್ತಿದಳು. ಏತಕ್ಕೆ ಎಂದು ಕೇಳಲೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಮುದುಕಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಲೆಗೆ ಹಸಿ ಕಟ್ಟಿಗೆ ಹಾಕಬೇಡಿ ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.

25 ಜನವರಿ 1982

ಶಾಲೆಯ ಕೋಣೆಯಲ್ಲಿ ನವಿಲು ಎದ್ದು ನಿಲ್ಲುತ್ತಿದೆ. ಬೀಜಗಳ ಬೂದಿ ತೊಳೆದು ಒಣಗಿಸಿದೆ. ಮೈಗೆ ಎರಡೂ ದಂಟಿನ ಬೀಜ, ಕರ್ರಗೆ ಮಿರಿಮಿರಿ ಮಿಂಚುತ್ತವೆ. ಗರಿಗೆ ಸಬ್ಬಸಿಗೆ ಮತ್ತು ಪುಂಡಿ. ಗರಿಯ ಕಣ್ಣಿಗೆ ದುಂಡು ಬಸಳೆ ಬೀಜ, ಸುತ್ತ ಮೆಂತ್ಯ. ಕತ್ತಿಗೆ ನೀಲಿ ಬೇಕಲ್ಲ, ಬಿಳಿ ರಾಜಗಿರಿಯನ್ನು ಶಾಯಿಯಲ್ಲಿ ಅದ್ದಿದೆ. ಅಂಗಡಿ ಗೋಂದು ನಂಬುವಂತಿಲ್ಲ, ನಾನೇ ಮೈದಾ ಕುದಿಸಿ ಆರಿಸಿ, ಜಿರಳೆ ಮುಟ್ಟದಂತೆ ಮೈಲುತುತ್ತದ ವಿಷ ಬೆರೆಸಿದೆ. ನೂರು ವರ್ಷ ಇಟ್ಟರೂ ಒಂದು ಹುಳ ಬರಬಾರದು. ನನ್ನ ಅಂಟಿನ ಗುಟ್ಟು ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ.

ಎಲ್ಲ ಬೀಜ ಖರ್ಚಾಯಿತು. ಒಂದು ಚಮಚದಷ್ಟೂ ಉಳಿಯಲಿಲ್ಲ.

6 ಫೆಬ್ರವರಿ 1982

ಹೊನ್ನಾಳಿಯಲ್ಲಿ ಮೊದಲನೇ ಬಹುಮಾನ! ಬೆಂಕಿ ಕಡ್ಡಿ ಗುಡಿಗಳು ಮೂರು ಬಂದಿದ್ದವು, ಒಂದರ ಗೋಪುರ ಬಸ್ಸಿನಲ್ಲೇ ಬಿದ್ದಿತ್ತು. ನನ್ನ ನವಿಲಿನ ಮುಂದೆ ಜನ ಸಾಲುಗಟ್ಟಿ ನಿಂತರು. ಇಲಾಖೆಯ ಸಾಹೇಬರು ಮೂಗು ತಾಗುವಷ್ಟು ಹತ್ತಿರ ಬಂದು ನೋಡಿ, "ಶಿವಮೊಗ್ಗದಾಗೂ ಇದೇ ಗೆಲ್ತೈತೆ. ಗೆದ್ದ ದಿನ ಬಂದು ದಾವಣಗೆರೆ ಅರ್ಜಿ ಕೊಡ್ರಿ, ನಾನು ಬರೀತೀನಿ" ಎಂದರು. ಪ್ರದರ್ಶನ ಮಾರ್ಚ್ ಹದಿನೈದಕ್ಕೆ. ಅಲ್ಲಿಯವರೆಗೆ ನವಿಲು ಹೆಡ್‌ಮಾಸ್ಟರ ಕೋಣೆಯಲ್ಲಿರುತ್ತದೆ. ಹೊರಡುವ ಮುಂಚೆ ವಾರ್ನಿಷ್ ಹೊಡೆಯಬೇಕು.

ಮನೆಯಲ್ಲಿ ಬಹುಮಾನದ ಲೋಟ ತೋರಿಸಿದೆ. ಮುದುಕಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಗಟ್ಟಿ ಐತೆ" ಎಂದಳು. ಕಲೆಯ ಬಗ್ಗೆ ಇವರಿಗೆ ಏನು ಗೊತ್ತು.

24 ಫೆಬ್ರವರಿ 1982

ಶಿವರಾತ್ರಿ ಕಳೆಯಿತು. ಅತ್ತೆ ಸೊಪ್ಪು ಮಾರಲು ಹೋಗುವುದು ನಿಲ್ಲಿಸಿ ಮೂರು ವಾರವಾಯಿತು. ಅಂತೂ ಮಾನ ಉಳಿಯಿತು. ಹಳೆಯ ಗಿಡ ಕಿತ್ತು, ಮಡಿ ಅಗೆದು, ಗೊಬ್ಬರ ಹರಡಿ, ಹಿತ್ತಿಲ ಬಾಗಿಲಲ್ಲಿ ಕೂತಿರುತ್ತಾಳೆ. ಹೊನಗೊನೆಯನ್ನೂ ಕೊಯ್ಯುವುದಿಲ್ಲ. ದಿನಾ ಬೇಳೆ ಸಾರು, ಆಲೂಗೆಡ್ಡೆ ಪಲ್ಯ. ನಾನು ಬಯಸಿದ ಊಟವೇ.

ಬಾಯಿ ಚಪ್ಪೆಯಾಗಿದೆ. ಊರಿನ ಬೇಳೆ ಸರಿಯಿಲ್ಲ. ಪಕ್ಕದ ಮನೆ ಮೂಕಮ್ಮ ಒಂದು ಬಟ್ಟಲು ಬಸ್ಸಾರು ತಂದುಕೊಟ್ಟಳು. ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಅರ್ಧ ಚೆಲ್ಲಿದ್ದಾಳೆ, ಹುಣಸೆಹಣ್ಣು ಸುರಿದಿದ್ದಾಳೆ. ಬಸ್ಸಾರು ಮಾಡಲು ಬಾರದ ಮೇಲೆ ಯಾಕೆ ಮಾಡಬೇಕು? ಇಂಥವರನ್ನು ಅಡುಗೆಮನೆಗೆ ಬಿಡಬಾರದು.

3 ಮಾರ್ಚ್ 1982

ಈ ಊರಿನ ಜನರ ಬುದ್ಧಿಗೆ ಏನು ಹೇಳುವುದು!

ಶಾಲೆಯಿಂದ ಬರುವಾಗ ಮೂಕಮ್ಮ ಅಡ್ಡ ಹಾಕಿದಳು. "ಯಾಕ್ರೀ ಟೀಚರಮ್ಮ, ಬೀಜ ಇಸ್ಕಂಡು ಒಂದೂವರೆ ತಿಂಗಳಾತು, ಇನ್ನೂ ಬಿತ್ತಾಕಿಲ್ವಾ?"

"ನಾನ್ಯಾಕೆ ಬಿತ್ತಲಿ?"

ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನೇ, ನಿಮಗೆ ಗೊತ್ತಿಲ್ವಾ? ನಮ್ಮ ಕೇರ್ಯಾಗೆ ಸೊಸೆ ಸೆರಗೊಡ್ಡಿ ಬೀಜ ಇಸ್ಕಂಡ್ಲು ಅಂದ್ರೆ ಹಿತ್ತಿಲು ಅವಳದು. ಅತ್ತೆ ಒಂದು ಕಾಳೂ ಇಟ್ಕಳಂಗಿಲ್ಲ. ತಾನು ಬಿತ್ತಂಗಿಲ್ಲ, ಏನ್ ಮಾಡ್ದೆ ಅಂತ ಕೇಳಂಗೂ ಇಲ್ಲ. ಹನ್ನೊಂದು ವರ್ಷ ಕಾದಾಳೆ ನಿಮ್ಮತ್ತೆ, ಓದಿದ ಸೊಸೆ ನಮ್ಮ ಬೀಜ ಕೇಳ್ತಾಳಾ ಅಂತ. ಸಂಕ್ರಾಂತಿ ದಿನ ಕೇರಿಗೆಲ್ಲಾ ಬೆಲ್ಲ ಹಂಚಿದ್ಲು, ನನ್ನ ಸೊಸೆ ಕೇಳಿದ್ಲು ಅಂತ."

ಇಂಥ ಕಾನೂನನ್ನು ಯಾವ ಪುಸ್ತಕದಲ್ಲಿ ಬರೆದಿದ್ದಾರೆ? ಗೊತ್ತಿಲ್ಲದವಳಿಗೆ ಹೇಳಬೇಕೋ ಬೇಡವೋ? "ಏತಕ್ಕೆ ಗಟ್ಟವ್ವ" ಎಂದು ಒಂದು ಮಾತು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಬೇರೆ ಎಲ್ಲೂ ಇಲ್ಲದ ಕೆಂಪು ದಂಟು ಈಗ ಮೈಲುತುತ್ತ ಹಚ್ಚಿಕೊಂಡು ಹೆಡ್‌ಮಾಸ್ಟರ ಗೋಡೆಗೆ ಒರಗಿದೆ. ಮಳೆಗೆ ಮುಂಚೆ ಬಿತ್ತದಿದ್ದರೆ ಆ ತಳಿ ಇಲ್ಲಿಗೆ ಮುಗಿಯಿತು. ಮುಗಿದರೆ ಮುಗಿಯಲಿ, ಅದು ಒಂದು ಸೊಪ್ಪು.

ಊಟ ಸೇರಲಿಲ್ಲ.

7 ಮಾರ್ಚ್ 1982

ಹೊನ್ನಾಳಿಗೆ ಹೋಗಿ ಬೀಜದ ಅಂಗಡಿಯಿಂದ ದಂಟು, ರಾಜಗಿರಿ, ಮೆಂತ್ಯ, ಸಬ್ಬಸಿಗೆ ಪೊಟ್ಟಣಗಳನ್ನು ತಂದೆ. ಪೊಟ್ಟಣದ ಮೇಲೆ ಬಣ್ಣದ ಚಿತ್ರ, ಎಲೆ ಒಂದೊಂದೂ ಆನೆ ಕಿವಿಯಷ್ಟು. ಸುಳ್ಳಿನ ಚಿತ್ರ. "ನಿಮ್ಮ ಬೀಜ ಶಾಲೆಯ ಬೀರುವಿನಾಗೆ ಭದ್ರವಾಗಿ ಅವೆ, ಈ ವರ್ಷಕ್ಕೆ ಇವನ್ನ ಹಾಕಾನ" ಎಂದೆ. ನಾನು ಅತ್ತೆಗೆ ಹೇಳಿದ ಸುಳ್ಳುಗಳಲ್ಲಿ ಇದು ಮೊದಲನೆಯದು. ಸಂಜೆಯೊಳಗೆ ಇನ್ನೂ ನಾಲ್ಕು ಹೇಳಿದೆ.

ಅತ್ತೆ ದಂಟಿನ ಬೀಜವನ್ನು ಅಂಗೈ ಮೇಲೆ ಹಾಕಿ ಉರುಳಿಸಿದರು. "ಯಾರ ಮನೇವು?"

"ಕಂಪನೀವು."

"ಕಂಪನಿಗೂ ಅತ್ತೆ ಇರ್ತಾಳಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ, ತಿಳಿಯಲು ಕೇಳಿದ್ದು. ಆಮೇಲೆ ಕಾಳು ಚೆಲ್ಲದ ಹಾಗೆ ಪೊಟ್ಟಣಕ್ಕೆ ವಾಪಸ್ಸು ಹಾಕಿ, "ನಿನ್ನ ಹಿತ್ತಿಲು ಕಣವ್ವ, ನಿನ್ನಿಷ್ಟ" ಎಂದು ಒಳಗೆ ಹೋದರು. ಆ ಪೊಟ್ಟಣಗಳು ಇನ್ನೂ ಕಟ್ಟೆಯ ಮೇಲಿವೆ. ಅವುಗಳನ್ನು ನೋಡಿದರೆ ಮೈ ಉರಿಯುತ್ತದೆ.

11 ಮಾರ್ಚ್ 1982

ಇವತ್ತು ಹಾಲಸ್ವಾಮಿಯವರು ವಾರ್ನಿಷ್ ಡಬ್ಬಿ ತಂದರು. ಅಗ್ಗದ ಮಾಲು, ಮುಚ್ಚಳ ತೆಗೆದ ಕೂಡಲೇ ಸೀಮೆಎಣ್ಣೆ ವಾಸನೆ. ಬ್ರಷ್ಷಿನಲ್ಲಿ ಮೂರೇ ಮೂರು ಕೂದಲು. ಇಂಥದ್ದರಿಂದ ನನ್ನ ಕೆಲಸವನ್ನು ಹಾಳು ಮಾಡಲು ಬಿಡುವುದೇ?

ಬೋರ್ಡನ್ನು ಎತ್ತಿಕೊಂಡು ಶಾಲೆಯ ನೀರಿನ ತೊಟ್ಟಿಗೆ ಹೋಗಿ ಮುಳುಗಿಸಿದೆ.

ಹಾಲಸ್ವಾಮಿಯವರು ಧೋತರ ಎತ್ತಿಕೊಂಡು ಓಡಿ ಬಂದರು. "ಏನ್ರೀ ಇದು! ತಲಿ ಕೆಟ್ಟೈತೇನ್ರೀ ಟೀಚರಮ್ಮ? ನಾಲ್ಕು ದಿನ ಐತೆ ಶಿವಮೊಗ್ಗಕ್ಕೆ!"

"ಗರಿಯ ಎಡಗಡೆ ಒಂದು ಕಣ್ಣು ಸೊಟ್ಟಗೈತೆ ಸಾರ್. ಇಂಥದ್ದನ್ನ ಜಿಲ್ಲೆಗೆ ಕಳಿಸಾಕೆ ನನಗೆ ನಾಚಿಕಿ."

"ಸೊಟ್ಟಗಿದ್ರೆ ನೀರಿಗೆ ಹಾಕ್ತಾರೇನ್ರೀ? ಸಾಹೇಬ್ರಿಗೆ ನಾನೇನು ಹೇಳ್ಲಿ? ನಿಮ್ಮ ದಾವಣಗೆರೆ ಹೋತಲ್ರೀ!"

ಹೋಯಿತು. ಅದು ನನಗೂ ಗೊತ್ತು. ನೀರೆಲ್ಲ ನೀಲಿಯಾಯಿತು. ಒಂದು ಗಂಟೆ ನೆನೆದ ಮೇಲೆ ಚಮಚದಿಂದ ಎಬ್ಬಿಸಿದೆ, ಮೊದಲು ಬಾಲ, ಆಮೇಲೆ ಮೈ. ನನ್ನ ಅಂಟು ಎಷ್ಟು ಗಟ್ಟಿ ಎಂದರೆ ಉಗುರು ಮುರಿಯಿತು. ತೆಳ್ಳಗೆ ಕಲಸಬಾರದಿತ್ತೇ ಮೂರ್ಖಿ! ಐದು ಸಲ ತೊಳೆದು ಬಿಳಿ ಮಲ್ಲಿನ ಬಟ್ಟೆಯಲ್ಲಿ ಸೋಸಿ ಮನೆಗೆ ತಂದೆ. ಎಲ್ಲವೂ ಕಲಸುಮೇಲೋಗರ, ಒಂದೇ ಗಂಟು.

ಇದನ್ನು ನಾನು ಅತ್ತೆಗಾಗಿ ಮಾಡಲಿಲ್ಲ. ಆ ಕಣ್ಣು ನಿಜಕ್ಕೂ ಸೊಟ್ಟಗಿತ್ತು.

14 ಮಾರ್ಚ್ 1982

ನೆರಳಲ್ಲಿ ಒಣಗಿಸಿ ಎರಡು ದಿನದಿಂದ ಬೇರ್ಪಡಿಸುತ್ತಿದ್ದೇನೆ. ದೊಡ್ಡ ಬೀಜಗಳು ಜರಡಿಯಲ್ಲಿ ನಿಂತವು. ಸಣ್ಣವನ್ನು ಕಸೂತಿ ಸೂಜಿಯ ತುದಿಯಿಂದ ಒಂದೊಂದಾಗಿ ಸರಿಸಬೇಕು. ಈ ಕೆಲಸ ಬೇರೆ ಯಾರಿಂದಲೂ ಆಗುವುದಿಲ್ಲ.

ಅತ್ತೆ ಬಂದು ಎದುರಿಗೆ ಮೊರ ಇಟ್ಟುಕೊಂಡು ಕೂತರು. ನೀಲಿ ಬಣ್ಣದ ರಾಜಗಿರಿಯನ್ನು ನೋಡಿಯೂ ಏನೂ ಕೇಳಲಿಲ್ಲ. ಶಾಲೆಯ ಬೀರುವಿನಲ್ಲಿ ಶಾಯಿ ಬಾಟಲಿ ಉರುಳಿ ಹೀಗಾಯಿತು ಎಂದು ನಾನೇ ಹೇಳಿದೆ. "ಹೌದಾ" ಎಂದರು. ಕೆಂಪು ದಂಟು, ಹಸಿರು ದಂಟು ಎರಡರ ಬೀಜವೂ ಒಂದೇ ಥರ. ಅವುಗಳನ್ನು ಬೇರೆ ಮಾಡಲು ಹೋದಾಗ ಮಾತ್ರ ನನ್ನ ಕೈ ಹಿಡಿದು, "ಬಿಡವ್ವ, ಹುಟ್ಟಿದ ಮ್ಯಾಲೆ ಅವೇ ಹೇಳ್ತಾವೆ" ಎಂದರು.

ಯಜಮಾನರು ಬಂದವರು, ನಾನು ಶಿವಮೊಗ್ಗದ ಪ್ರದರ್ಶನಕ್ಕೆ ಹೋಗುವುದಿಲ್ಲ ಎಂಬ ಸುದ್ದಿ ಕೇಳಿ ಊಟ ಬಿಟ್ಟು ಎದ್ದರು. "ನಿನಗೆ ನನ್ನ ಜತಿ ಸಂಸಾರ ಮಾಡಾಕೆ ಇಷ್ಟ ಐತಾ ಇಲ್ವಾ?" ಎಂದು ಕೇಳಿದರು. ಕೇಳುವ ಹಕ್ಕು ಅವರಿಗಿದೆ. ಸೂಜಿ ತಪ್ಪುತ್ತದೆ, ದೀಪಕ್ಕೆ ಅಡ್ಡ ನಿಲ್ಲಬೇಡಿ ಎಂದೆ.

18 ಮಾರ್ಚ್ 1982

ಬಿತ್ತಿದೆ. ಅತ್ತೆ ಬದುವಿನ ಮೇಲೆ ನಿಂತು ನೋಡಿದರು, ಕೈ ಹಾಕಲಿಲ್ಲ. ಮರಳು ಬೆರೆಸಿ ಎರಚಬೇಕಂತೆ, ಇಲ್ಲದಿದ್ದರೆ ಒಂದೇ ಕಡೆ ಬೀಳುತ್ತದೆ. ಶಿವಮೊಗ್ಗದಲ್ಲಿ ತೆಂಗಿನ ಚಿಪ್ಪಿನ ಆಮೆ ಗೆದ್ದಿತಂತೆ. ಈ ಜಿಲ್ಲೆಯ ಅಭಿರುಚಿಗೆ ಅದೇ ಸರಿ.

25 ಮಾರ್ಚ್ 1982

ಪುಂಡಿ ಅರ್ಧ ಹುಟ್ಟಿದೆ. ಮೆಂತ್ಯ ಅಲ್ಲೊಂದು ಇಲ್ಲೊಂದು. ರಾಜಗಿರಿ ಒಂದೂ ಇಲ್ಲ. ದಂಟು ಇಲ್ಲ. ಹುಟ್ಟುವುದಾದರೆ ನಾಲ್ಕೈದು ದಿನಕ್ಕೆ ಹುಟ್ಟಬೇಕಿತ್ತು, ವಾರವಾಯಿತು. ನನ್ನ ಮೈಲುತುತ್ತಕ್ಕೆ ನಾನೇ ಬೆಂಕಿ ಹಚ್ಚಬೇಕು. ನಾಳೆ ಯುಗಾದಿ.

26 ಮಾರ್ಚ್ 1982

ಇಲ್ಲ.

28 ಮಾರ್ಚ್ 1982

ಬೆಳಿಗ್ಗೆ ಮಂಡಿಯೂರಿ ಕೂತು ನೋಡಿದೆ. ಹೆಂಟೆಯ ಪಕ್ಕದಲ್ಲಿ ದಾರದ ಎಳೆಯಂಥ ಕೆಂಪು. ಎರಡು ಎಲೆ, ಒಂದೊಂದೂ ಎಳ್ಳಿನ ಕಾಳಿನಷ್ಟು. ಬೀಜದ ಸಿಪ್ಪೆ ಇನ್ನೂ ತಲೆಯ ಮೇಲಿತ್ತು. "ಅತ್ತೇ!" ಎಂದು ಕೂಗಿದ್ದಕ್ಕೆ ಹಾವು ಬಂತೆಂದು ಮೂಕಮ್ಮ ಕೋಲು ಹಿಡಿದು ಬಂದಳು. ಅವಳ ಕಾಲು ಮಡಿಯ ಮೇಲೆ ಬೀಳುತ್ತಿತ್ತು, ಬೈದು ಹೊರಗೆ ಕಳಿಸಿದೆ.

ಸಂಜೆಯವರೆಗೆ ಹಸಿರು ಇಪ್ಪತ್ತಾರು, ಕೆಂಪು ಹತ್ತೊಂಬತ್ತು. ಲಕ್ಷ ಬೀಜಕ್ಕೆ ಹತ್ತೊಂಬತ್ತು.  ಅತ್ತೆ ಎಲೆಗಳನ್ನು ಮುಟ್ಟದೆ, ಅವುಗಳ ಮೇಲೆ ಕೈ ಆಡಿಸಿ ನೋಡಿ ಒಳಗೆ ಹೋಗಿ ಒಲೆ ಹಚ್ಚಿದರು. ಹೊನಗೊನೆ ಪಲ್ಯ ಮಾಡಿದರು. ಎರಡು ರೊಟ್ಟಿ ಹೆಚ್ಚು ತಿಂದೆ.

2 ಮೇ 1982

ರಜೆ ಬಂದು ಮೂರು ವಾರವಾಯಿತು. ದಾವಣಗೆರೆಗೆ ಹೋಗಲಿಲ್ಲ. ಅಲ್ಲಿ ಸೆಕೆ. ಅವರ ಬಾಡಿಗೆ ಮನೆಗೆ ಹಿತ್ತಿಲೇ ಇಲ್ಲ, ಬಚ್ಚಲ ನೀರು ನೇರ ಚರಂಡಿಗೆ ಹೋಗುತ್ತದಂತೆ. ಬಳಸಲು ಬಾರದ ಜನಕ್ಕೆ ದೇವರು ನಲ್ಲಿ ಕೊಟ್ಟಿದ್ದಾನೆ.

ಭರಣಿ ಮಳೆ ಒಂದು ಹದ ಬಿತ್ತು. ಕೆಂಪು ದಂಟು ಹದಿನಾಲ್ಕು ಉಳಿದಿವೆ, ಮೊಣಕಾಲಿಗೆ ಬಂದಿವೆ. ಒಂದನ್ನೂ ಕೊಯ್ದಿಲ್ಲ.

ಇವತ್ತು ಯಜಮಾನರು ನಗುತ್ತ ಬಂದರು. ಕೈಯಲ್ಲಿ ಪರಸ್ಪರ ವರ್ಗಾವಣೆಯ ಫಾರಂ. ದಾವಣಗೆರೆಯ ಕ್ರಾಫ್ಟ್ ಟೀಚರೊಬ್ಬಳ ಗಂಡ ನ್ಯಾಮತಿಯಲ್ಲಿ ಇದ್ದಾನಂತೆ, ಆಕೆ ಈ ಕಡೆ ಬರುತ್ತಾಳಂತೆ. "ಯಾರ ಶಿಫಾರಸೂ ಬ್ಯಾಡ. ನೀ ಒಪ್ಪಿಗಿ ಬರೆದ್ರೆ ಜೂನಿಗೆ ದಾವಣಗೆರೆ" ಎಂದರು.

ಆ ಟೀಚರ್ ತುಂಬಿದ ಭಾಗವನ್ನು ಓದಿದೆ. ಕಾಗೆ ಕಾಲು ಗುಬ್ಬಿ ಕಾಲು. ಇಂಥ ಕೈಗೆ ನನ್ನ ಹುಡುಗಿಯರ ಸೂಜಿ ಕೊಡುವುದೇ? "ಆಗಸ್ಟ್‌ವರೆಗೆ ಆಗಲ್ಲ, ದಂಟು ಬೀಜ ಬಲಿಬೇಕು" ಎಂದೆ. ಅವರು ನನ್ನನ್ನು ಮೈಮೇಲೆ ದೇವರು ಬಂದವಳಂತೆ ನೋಡಿ, ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡ್ ಕಡೆ ಟೀ ಕುಡಿಯಲು ಹೋದರು.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಹಿತ್ತಿಲಿಗೆ ಬಂದು ಪಕ್ಕದಲ್ಲಿ ಕೂತು, "ಹೋಗವ್ವ ಗಟ್ಟವ್ವ, ನನ್ನ ಮಗ ನಾಗೇಂದ್ರನೂ ಒಬ್ನೇ ಆಗವ್ನೆ. ಬೀಜ ಬಲಿಯಾಗಂಟ ನಾ ಕಾಯ್ತೀನಿ. ಒಂದ್ಸಲ ಕೈಯಾರೆ ಕೆಡಿಸ್ಕಂಡಿದ್ದು ಸಾಕು" ಎಂದರು.

"ನಾನೇನು ಕೆಡಿಸ್ಕಂಡೆ?"

"ನವಿಲು."

 ನವಿಲು ಎಂಬ ಮಾತನ್ನು ನಾನು ಈ ಮನೆಯಲ್ಲಿ ಆಡಿಯೇ ಇರಲಿಲ್ಲ.

"ಹೊನ್ನಾಳಿಗೆ ಬಂದಿದ್ದೆ ಕಣವ್ವ ಅವತ್ತು" ಎಂದರು ಅತ್ತೆ. "ಸೊಸೆ ಏನೋ ಮಾಡ್ಯಾಳಂತೆ ನೋಡಾನ ಅಂತ. ನಿನ್ನ ಕಣ್ಣಿಗೆ ಬಿದ್ರೆ ನಿನಗೆ ನಾಚಿಕಿ ಅಂತ ಹಿಂದೆ ನಿಂತಿದ್ದೆ. ನೋಡಿದ ಕೂಡ್ಲೆ ಗೊತ್ತಾತು ನಮ್ಮ ಬೀಜ ಅಂತ."

"ಮತ್ತೆ ಯಾಕೆ ನನ್ನ ಕೇಳಲಿಲ್ಲ ನೀವು? ನಾಲ್ಕು ಮಾತು ಬೈಯಾಕೆ ಏನಾಗಿತ್ತು?"

"ಕೊಟ್ಟಿದ್ದನ್ನ ಏನ್ ಮಾಡ್ದೆ ಅಂತ ಹೆಂಗೆ ಕೇಳ್ಲಿ? ಸುಳ್ಳು ಹೇಳಲ್ಲ, ಬಸ್ಸಿನಾಗೆ ಕುಂತು ಕಣ್ಣೀರು ಹಾಕಿದೆ. ನಮ್ಮತ್ತೆಗೆ ಏನು ಹೇಳ್ಲಿ ಅಂತ. ಆದ್ರೆ ಒಂದು ಮಾತು. ನವಿಲು ಮಾತ್ರ ಭಾಳ ಚೆಂದಾಗಿತ್ತು. ಪಕ್ಕದಾಗೆ ನಿಂತಿದ್ದ ಹೆಂಗಸಿಗೆ ಹೇಳ್ದೆ, ನನ್ನ ಸೊಸೆ ಮಾಡಿದ್ದು ಅಂತ. ಅವಳು ನಂಬಲಿಲ್ಲ."

ಬೀರು, ಭದ್ರ, ಶಾಯಿ ಬಾಟಲಿ. ಅಷ್ಟು ದಿನ ನಾನು ಸುಳ್ಳು ಹೇಳಿದ್ದು ಎಲ್ಲ ಗೊತ್ತಿದ್ದವರಿಗೆ. ನನಗೆ ಇಷ್ಟು ನಾಚಿಕೆ ಹಿಂದೆ ಎಂದೂ ಆಗಿರಲಿಲ್ಲ. ಮೂವತ್ತಾರು ವರ್ಷದ ಹೆಂಗಸು, ಮಡಿಯ ಮೇಲೆ ಕೂತು ಮೂಗು ಸೋರಿಸಿಕೊಂಡು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲೂ ಇಲ್ಲ, ಎದ್ದು ಹೋಗಲೂ ಇಲ್ಲ. ನನ್ನ ಅಳು ಮುಗಿಯುವವರೆಗೆ ಸಾಲಿನ ಕಳೆ ಕಿತ್ತರು.

ಯಜಮಾನರ ಬಸ್ಸಿನ ಹೊತ್ತಿಗೆ ಫಾರಂ ತುಂಬಿದೆ. "ಒಪ್ಪಿಗೆ ಇಲ್ಲ" ಎಂಬಲ್ಲಿ ಗುರುತು ಹಾಕಿದೆ. ಕೆಳಗೆ ಕಾರಣ ಬರೆಯಲು ಎರಡು ಬೆರಳು ಜಾಗ. "ಅನಾರೋಗ್ಯ ಅಂತ ಬರಿ, ಎಲ್ಲಾರೂ ಹಂಗೇ ಬರಿಯಾದು" ಎಂದರು ಅವರು, ಸೋತ ದನಿಯಲ್ಲಿ. ಎಲ್ಲರೂ ಬರೆಯುವುದನ್ನು ನಾನು ಯಾಕೆ ಬರೆಯಲಿ? "ಅತ್ತೆಯ ಜೊತೆ ಇರಲು" ಎಂದು ದುಂಡಗೆ ಬರೆದುಕೊಟ್ಟೆ. ಓದಿದ ಗುಮಾಸ್ತ ಬಿದ್ದು ಬಿದ್ದು ನಗುತ್ತಾನೆ. ನಗಲಿ. ಸೊಸೆಯೊಬ್ಬಳು ಇಂಥ ಕಾರಣ ಬರೆದದ್ದನ್ನು ಓದುವ ಭಾಗ್ಯ ಆ ಮೂಢನಿಗೆ ಇನ್ನೆಲ್ಲಿ ಸಿಕ್ಕೀತು.